ಸಾವಿರ ಕೈ ತಿದ್ದುವ ಬರಹಕ್ಕೆ ಒರೆಗಲ್ಲು

ಯಲ್ಲಾಪುರ ತಾಲ್ಲೂಕಿನ ಇಡಗುಂದಿಯ ಹೆಸರನ್ನು ಇಂದು ಯಾರು ಬೇಕಾದರೂ ಅಂಗೈಯಗಲದ ಫೋನಿನಲ್ಲಿ ಕನ್ನಡದಲ್ಲೇ ಬರೆದು ಕಡಲಾಚೆಗೂ ಕಳುಹಿಸಬಹುದು. ಅಲ್ಲಿ ಓದುವವರಿಗೂ ಅದು 'ಇಡಗುಂದಿ' ಎಂದೇ ಕಾಣುತ್ತದೆ. ಇದರಲ್ಲಿ ವಿಶೇಷವೇನು ಎಂದು ಕೇಳಬಹುದು. ವಿಶೇಷ ಉಂಟು. ಈ ಹೆಸರನ್ನು ತೆರೆಯ ಮೇಲೆ ಮೂಡಿಸುವ ತಂತ್ರಾಂಶವನ್ನು ಬರೆದವರಲ್ಲಿ ಹಲವರಿಗೆ ಕನ್ನಡ ಬಾರದು. ಅದನ್ನು ಆಗಾಗ ತಿದ್ದುತ್ತಿರುವವರಿಗೂ ಬಾರದು. ಹೀಗಿದ್ದೂ ಅಕ್ಷರ ಕೆಡದೆ ಉಳಿದಿದೆ. ಅದನ್ನು ಕಾಯುತ್ತಿರುವವರು ಯಾರು?

ಮನುಷ್ಯರಿಗಿಂತ ಹೆಚ್ಚಾಗಿ ಈ ಕಾವಲಿಗಿರುವುದು 'ಸ್ಕ್ರಿಪ್ಟ್' ಎಂದು ಕರೆಯಲಾಗುವ ಸಣ್ಣ ಸಣ್ಣ ಆಜ್ಞಾಪಟ್ಟಿಗಳು. ಒಬ್ಬನ ತಿದ್ದುಪಡಿಯನ್ನು ಇನ್ನೊಬ್ಬನದರ ಜೊತೆ ಕೂಡಿಸಲು ಒಂದು, ಕೂಡಿಸಿದ್ದು ಸರಿಯಿದೆಯೇ ಎಂದು ಪರೀಕ್ಷಿಸಲು ಮತ್ತೊಂದು, ಜನರ ಕೈಗೆ ಬಿಡುಗಡೆ ಮಾಡುವ ಮುನ್ನ ಕೊನೆಯ ಬಾರಿ ನೋಡಲು ಮಗದೊಂದು. ತೆರೆಯ ಮೇಲೆ ಎಲ್ಲೂ ಕಾಣಿಸಿಕೊಳ್ಳದ ಇವುಗಳ ಕೆಲಸ ಗಣಕದವರಿಗೆ ಮಾತ್ರ ಸಂಬಂಧಿಸಿದ್ದೆಂದು ಬಿಡುವಂತಿಲ್ಲ. ಕನ್ನಡದ ಲಿಪಿ ತೆರೆಯ ಮೇಲೆ ಶುದ್ಧವಾಗಿ ಉಳಿಯುವುದು ಇವುಗಳಿಗೆ ನಾವು ಒದಗಿಸುವ ಕನ್ನಡದ ಮೇಲೆ ನಿಂತಿದೆ.

ಏಳು ಸಂಕೇತ, ನಾಲ್ಕು ಅಕ್ಷರ

ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಸಂಖ್ಯೆ. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯಾ ಸಂಕೇತ ಕೊಡುವ ಯೂನಿಕೋಡ್ ಶಿಷ್ಟತೆ 1991ರಲ್ಲಿ ಹೊರಬಂದಾಗಲೇ ಕನ್ನಡಕ್ಕೂ ಅದರಲ್ಲಿ ಜಾಗವಿತ್ತು. ಅದರ ಪ್ರಕಾರ 'ಇಡಗುಂದಿ' ಎಂಬುದು ಏಳು ಸಂಕೇತಗಳ ಸಾಲು: ಇ, ಡ, ಗ, ಉಕಾರದ ಚಿಹ್ನೆ, ಅನುಸ್ವಾರ, ದ, ಇಕಾರದ ಚಿಹ್ನೆ. ತೆರೆಯ ಮೇಲೆ ನಾವು ಕಾಣುವುದು ನಾಲ್ಕೇ ಅಕ್ಷರ. ಪಕ್ಕದ ವಜ್ರಳ್ಳಿಯದು ಎಂಟು ಸಂಕೇತ, ಮೂರು ಅಕ್ಷರ.

ಏಳನ್ನು ನಾಲ್ಕಾಗಿ, ಎಂಟನ್ನು ಮೂರಾಗಿ ಜೋಡಿಸುವ ಕೆಲಸ ಹಿಂದಿನ ಮುದ್ರಣಾಲಯಗಳಲ್ಲಿ ಮೊಳೆ ಜೋಡಿಸುತ್ತಿದ್ದವರ ಕೆಲಸದಂತೆಯೇ. ಕನ್ನಡದ ಮಟ್ಟಿಗೆ ಅದು ಸುಲಭದ್ದಲ್ಲ. 'ಸೂರ್ಯ' ಎನ್ನುವಾಗ ರಕಾರದ ಉಚ್ಚಾರ ಮೊದಲು, ಬರಹದಲ್ಲಿ ಅದರ ಗುರುತು ಕೊನೆಗೆ. ಅದೇ 'ರ‍್ಯಾಂಕ್' ಎಂದು ಬರೆಯಬೇಕಾದರೆ ಅರ್ಕಾವತ್ತು ಬರಬಾರದು, ರಕಾರವೇ ಮುಂದೆ ನಿಲ್ಲಬೇಕು. ಎರಡರ ನಡುವಣ ಭೇದವನ್ನು ಗಣಕಕ್ಕೆ ತಿಳಿಸಲು ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆಯನ್ನು ನಡುವೆ ಇಡಬೇಕಾಗುತ್ತದೆ. ಕನ್ನಡ ಬಾರದ ತಂತ್ರಜ್ಞನೊಬ್ಬ 'ಕಾಣದ ಚಿಹ್ನೆಗಳು ಬರಹದಲ್ಲಿ ಏಕಿರಬೇಕು?' ಎಂದು ಒಳ್ಳೆಯ ಬುದ್ಧಿಯಿಂದಲೇ ಅವನ್ನೆಲ್ಲ ಗುಡಿಸಿಹಾಕಿದರೆ ಇಂಗ್ಲಿಷಿಗೆ ಏನೂ ಆಗದು, ಕನ್ನಡದ 'ರ‍್ಯಾಂಕ್' ಮಾತ್ರ 'ರ್ಯಾಂಕ್' ಆಗಿಬಿಡುತ್ತದೆ.

ಕಣ್ಣಿಗೆ ಕಾಣದ ತೊಡಕು ಇನ್ನೂ ಒಂದಿದೆ. ಸಾತೊಡ್ಡಿ ಜಲಪಾತದ ಹೆಸರಿನಲ್ಲಿರುವ 'ತೊ' ಅಕ್ಷರದ ಒಕಾರವನ್ನು ಒಂದೇ ಸಂಕೇತವಾಗಿ ಇಡಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಒಂದರ ಮುಂದೊಂದು ಇಟ್ಟೂ ಮಾಡಬಹುದು. ನೋಡಲು ಎರಡೂ ಒಂದೇ. ಆದರೆ ಒಂದು ಬಗೆಯಲ್ಲಿ ಬರೆದಿಟ್ಟ ಹೆಸರನ್ನು ಇನ್ನೊಂದು ಬಗೆಯಲ್ಲಿ ಹುಡುಕಿದರೆ 'ಸಿಗಲಿಲ್ಲ' ಎಂಬ ಉತ್ತರ ಬರುವ ಸಂಭವವಿದೆ. ಇವೆರಡನ್ನೂ ಸಮಾನವೆಂದೇ ಎಣಿಸಬೇಕೆಂದು ಯೂನಿಕೋಡ್ ನಿಯಮ ಹೇಳುತ್ತದೆ. ನಿಯಮ ಪಾಲನೆಯಾಗಿದೆಯೇ ಎಂದು ನೋಡಲು ಬೇಕಾದ ಉದಾಹರಣೆಗಳ ದೊಡ್ಡ ಪಟ್ಟಿಯನ್ನೂ ಅದೇ ಸಂಸ್ಥೆ ಎಲ್ಲರಿಗೂ ಬಿಟ್ಟಿಯಾಗಿ ಕೊಡುತ್ತದೆ.

ಪ್ರಸಂಗದ ಪ್ರತಿಯೂ ತಂತ್ರಾಂಶದ ಪ್ರತಿಯೂ

ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶಕ್ಕೆ ಮುಕ್ತ ತಂತ್ರಾಂಶವೆಂದು ಹೆಸರು. ಲಿನಕ್ಸ್ ಅಂಥದು. ಗುಬ್ಬಿ, ನವಿಲು, ಲೋಹಿತ್ ಎಂಬ ಕನ್ನಡ ಅಕ್ಷರ ವಿನ್ಯಾಸಗಳೂ ಅಂಥವೇ. ತಿದ್ದಲು ಎಲ್ಲರಿಗೂ ಅವಕಾಶವಿದ್ದರೆ ಸಾವಿರ ಕೈಗಳ ತಿದ್ದುಪಡಿ ಒಂದಾಗುವುದು ಹೇಗೆ?

ಈ ಸಮಸ್ಯೆ ಕನ್ನಡಿಗರಿಗೆ ಹೊಸದೇನಲ್ಲ. ಓಲೆಗರಿಯಿಂದ ಓಲೆಗರಿಗೆ ನಕಲಾಗುತ್ತ ಬಂದ ಕಾವ್ಯಗಳಲ್ಲಿ ಒಂದು ಪ್ರತಿಯಂತೆ ಇನ್ನೊಂದಿಲ್ಲ. 1949ರಲ್ಲಿ 'ವಡ್ಡಾರಾಧನೆ'ಯನ್ನು ಸಂಪಾದಿಸಿದ ಡಿ.ಎಲ್. ನರಸಿಂಹಾಚಾರ್ಯರು ಗ್ರಂಥಸಂಪಾದನೆಯ ವಿಧಾನವನ್ನು ಕುರಿತೇ ಕನ್ನಡದಲ್ಲಿ ದೊಡ್ಡ ಪುಸ್ತಕ ಬರೆದರು. ಪ್ರತಿಗಳನ್ನು ಸಾಲುಸಾಲಾಗಿ ಹೋಲಿಸುವುದು, ಭೇದಗಳನ್ನು ಗುರುತಿಸುವುದು, ಅವುಗಳ ಮೂಲ ಯಾವುದಿದ್ದೀತೆಂದು ಊಹಿಸುವುದು, ಒಪ್ಪಿದ ಪಾಠವನ್ನು ಮೇಲಿಟ್ಟು ಉಳಿದವನ್ನು ಪಾಠಾಂತರಗಳೆಂದು ಅಡಿಯಲ್ಲಿ ಕೊಡುವುದು ಗ್ರಂಥಸಂಪಾದಕನ ಕೆಲಸ.

ತಂತ್ರಾಂಶದವರು ಮಾಡುವುದೂ ಬಹುಮಟ್ಟಿಗೆ ಇದನ್ನೇ. ಎರಡು ಪ್ರತಿಗಳ ಭೇದವನ್ನು ತಾನಾಗಿ ಪಟ್ಟಿ ಮಾಡುವ 'ಡಿಫ್' ಎಂಬ ಸಾಧನ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ಸಿದ್ಧವಾಯಿತು. ಆ ಭೇದದ ಪಟ್ಟಿಯನ್ನಷ್ಟೇ ಕಳುಹಿಸಿದರೆ ದೂರದಲ್ಲಿರುವವರು ತಮ್ಮ ಪ್ರತಿಯನ್ನು ತಿದ್ದಿಕೊಳ್ಳಲು ಅನುವಾಗುವ 'ಪ್ಯಾಚ್' ಅನ್ನು ಲ್ಯಾರಿ ವಾಲ್ 1985ರಲ್ಲಿ ಬರೆದರು. ಲಿನಕ್ಸ್‌ನ ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಆರಂಭಿಸಿದ 'ಗಿಟ್' ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ವಿಲೀನ ವ್ಯವಸ್ಥೆ.

ವಿಲೀನದ ಗುಟ್ಟು ತಿಳಿಯಲು ಯಕ್ಷಗಾನ ಪ್ರಸಂಗವೊಂದರ ಉದಾಹರಣೆ ತೆಗೆದುಕೊಳ್ಳೋಣ. ಮೂಲ ಪ್ರತಿಯನ್ನು ಇಬ್ಬರು ಭಾಗವತರು ನಕಲು ಮಾಡಿಕೊಂಡು ಹೋದರು. ಒಬ್ಬರು ಮೂರನೆಯ ಪುಟದ ಪದ್ಯವನ್ನು ತಿದ್ದಿದರು, ಇನ್ನೊಬ್ಬರು ಒಂಬತ್ತನೆಯ ಪುಟದ್ದನ್ನು. ಎರಡೇ ಪ್ರತಿ ಎದುರಿಗಿದ್ದರೆ ಯಾವ ಪುಟದಲ್ಲಿ ಯಾರದು ಹಳೆಯದು, ಯಾರದು ತಿದ್ದಿದ್ದು ಎಂದು ತಿಳಿಯದು. ಮೂಲ ಪ್ರತಿಯೂ ಪಕ್ಕದಲ್ಲಿದ್ದರೆ ತಕ್ಷಣ ತಿಳಿಯುತ್ತದೆ: ಮೂಲಕ್ಕಿಂತ ಬೇರೆಯಾಗಿರುವುದೇ ತಿದ್ದುಪಡಿ. ಆದ್ದರಿಂದ ಗಿಟ್ ಸದಾ ಮೂರು ಪ್ರತಿಗಳನ್ನು ಎದುರಿಗಿಟ್ಟುಕೊಂಡೇ ಕೂಡಿಸುತ್ತದೆ.

ಇಬ್ಬರೂ ಒಂದೇ ಸಾಲನ್ನು ಬೇರೆ ಬೇರೆ ರೀತಿ ತಿದ್ದಿದ್ದರೆ? ಗ್ರಂಥಸಂಪಾದಕನಾದರೆ ಇಲ್ಲಿ ಪಾಂಡಿತ್ಯ ಬಳಸುತ್ತಾನೆ. ನಕಲುಗಾರ ಕಠಿಣ ಪದವನ್ನು ಸುಲಭ ಮಾಡುತ್ತಾನೆಯೇ ಹೊರತು ಸುಲಭವನ್ನು ಕಠಿಣ ಮಾಡಲಾರನಾದ್ದರಿಂದ ಕ್ಲಿಷ್ಟ ಪಾಠವೇ ಮೂಲವಿರಬಹುದೆಂಬ ತರ್ಕ ಅವನದು. ಯಂತ್ರ ಅಂಥ ಸಾಹಸಕ್ಕೆ ಹೋಗುವುದಿಲ್ಲ. 'ಇಲ್ಲಿ ಜಗಳವಿದೆ, ನೀವೇ ತೀರ್ಮಾನಿಸಿ' ಎಂದು ಗುರುತು ಹಾಕಿ ನಿಂತುಬಿಡುತ್ತದೆ. ಈ ವಿನಯ ಅದರ ದೊಡ್ಡ ಗುಣ.

ಸತ್ತ ರಕ್ಕಸನ ಪದ್ಯ

ಆದರೆ ಜಗಳವಿಲ್ಲದೆ ಕೂಡಿದ ಮಾತ್ರಕ್ಕೆ ಎಲ್ಲ ಸರಿಯಾಯಿತೆಂದಲ್ಲ. ಮೊದಲ ಭಾಗವತರು ರಕ್ಕಸನ ವಧೆಯನ್ನು ಮೂರನೆಯ ಪುಟಕ್ಕೆ ತಂದರು. ಎರಡನೆಯವರು ಒಂಬತ್ತನೆಯ ಪುಟದಲ್ಲಿ ಅದೇ ರಕ್ಕಸನಿಗೆ ಸೊಗಸಾದ ಪದ್ಯವೊಂದನ್ನು ಸೇರಿಸಿದರು. ಪುಟಗಳು ಬೇರೆ, ಸಾಲುಗಳು ಬೇರೆ, ವಿಲೀನಕ್ಕೆ ತಕರಾರೇ ಇಲ್ಲ. ಆದರೆ ರಾತ್ರಿ ಹನ್ನೆರಡಕ್ಕೆ ಸತ್ತವನು ಎರಡು ಗಂಟೆಗೆ ರಂಗಕ್ಕೆ ಬಂದು ಕುಣಿಯುತ್ತಾನೆ! ಓದಿದಾಗ ತಪ್ಪಿದ ಇಂಥ ಎಡವಟ್ಟು ಆಡಿಸಿ ನೋಡಿದಾಗ ಮಾತ್ರ ಸಿಕ್ಕಿಬೀಳುತ್ತದೆ.

ತಂತ್ರಾಂಶವನ್ನೂ ಹಾಗೆ 'ಆಡಿಸಿ' ನೋಡುವುದೇ ಪರೀಕ್ಷಾ ಸ್ಕ್ರಿಪ್ಟ್. ಇಂಥದ್ದು ಕೊಟ್ಟರೆ ಇಂಥದ್ದೇ ಬರಬೇಕು ಎಂಬ ಜೋಡಿಗಳ ಪಟ್ಟಿಯೊಂದು ಅದರ ಬಳಿ ಇರುತ್ತದೆ. ಯಾರಾದರೂ ತಿದ್ದುಪಡಿ ಕಳುಹಿಸಿದೊಡನೆ ಸ್ಕ್ರಿಪ್ಟ್ ಎಲ್ಲ ಜೋಡಿಗಳನ್ನೂ ಓಡಿಸಿ ಉತ್ತರ ತಾಳೆ ನೋಡುತ್ತದೆ. ತಾಳೆಯಾದರೆ ಹಸಿರು ಗುರುತು, ಇಲ್ಲವಾದರೆ ಕೆಂಪು. ಕೆಂಪು ಬಂದ ತಿದ್ದುಪಡಿಯನ್ನು ಸಾಮಾನ್ಯವಾಗಿ ಮುಖ್ಯ ಪ್ರತಿಗೆ ಸೇರಿಸುವುದಿಲ್ಲ.

ಕನ್ನಡದ ಅಕ್ಷರ ಜೋಡಣೆಯೂ ಇಂಥ ಪರೀಕ್ಷೆಯನ್ನು ಹಾದು ಬಂದಿದೆ. ಆಂಡ್ರಾಯ್ಡ್ ಫೋನು, ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆ ಆಫೀಸ್ ಮೊದಲಾದವುಗಳಲ್ಲಿ ಅಕ್ಷರ ಜೋಡಿಸುವ ಮುಕ್ತ ತಂತ್ರಾಂಶದ ಹೆಸರು 'ಹರ್ಫ್‌ಬಜ್'. ಹರ್ಫ್ ಎಂದರೆ ಪಾರಸಿಯಲ್ಲಿ ಅಕ್ಷರ, ಬಾಜ್ ಎಂದರೆ ತೆರೆದದ್ದು. ಇದರ ಮುಖ್ಯ ಕರ್ತೃ ಇರಾನ್ ಮೂಲದ ಬೆಹದಾದ್ ಎಸ್ಫಹಬೋದ್. 2012ರ ಸುಮಾರಿಗೆ ಅವರು ಭಾರತೀಯ ಲಿಪಿಗಳ ಭಾಗವನ್ನು ಹೊಸದಾಗಿ ಬರೆದಾಗ, ಒಂದೊಂದು ಭಾಷೆಯ ವಿಕಿಪೀಡಿಯದಿಂದ ಪದಗಳನ್ನು ಹೆಕ್ಕಿ ತಮ್ಮ ತಂತ್ರಾಂಶಕ್ಕೂ ಮೈಕ್ರೋಸಾಫ್ಟಿನ ಅಕ್ಷರ ಜೋಡಣೆಗೂ ಉಣಿಸಿ, ಎರಡರ ಫಲಿತಾಂಶವನ್ನು ಸ್ಕ್ರಿಪ್ಟ್ ಮೂಲಕ ಹೋಲಿಸಿದರು. ಕನ್ನಡದ ಪಟ್ಟಿಯಲ್ಲಿದ್ದುದು 9,51,913 ಪರೀಕ್ಷೆ. ಒಂದು ಹಂತದಲ್ಲಿ ಅವುಗಳಲ್ಲಿ 9,51,190 ತಾಳೆಯಾಗಿ 723 ತಪ್ಪಿದ್ದವು. ಅಂದರೆ ಸಾವಿರಕ್ಕೆ ಒಂದಕ್ಕಿಂತ ಕಡಿಮೆ.

ಈ ಲೆಕ್ಕದಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, 'ತಪ್ಪಿದ್ದು' ಎಂದರೆ ಎರಡು ತಂತ್ರಾಂಶಗಳ ನಡುವೆ ಭೇದವಿತ್ತು ಎಂದಷ್ಟೇ ಅರ್ಥ. ತಪ್ಪು ಯಾರದೆಂದು ಹೇಳಲು ಮತ್ತೆ ಕನ್ನಡ ಬಲ್ಲ ಕಣ್ಣು ಬೇಕು. ಇನ್ನೊಂದು, ಆ ಒಂಬತ್ತೂವರೆ ಲಕ್ಷ ಪರೀಕ್ಷೆಗಳಿಗೆ ಪದ ಒದಗಿಸಿದವರು ಯಾರು? 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೆ ಸಂಬಳ ಸಂಭಾವನೆ ಇಲ್ಲದೆ ತಮ್ಮ ಊರು, ಕೆರೆ, ಕವಿ, ಕಾಡುಗಳ ಬಗ್ಗೆ ಬರೆದ ಸಾಮಾನ್ಯ ಕನ್ನಡಿಗರು. ತಾವು ಬರೆದ ಸಾಲು ಜಗತ್ತಿನ ಕೋಟ್ಯಂತರ ಫೋನುಗಳ ಅಕ್ಷರಕ್ಕೆ ಒರೆಗಲ್ಲಾಗುವುದೆಂದು ಅವರು ಎಣಿಸಿರಲಿಕ್ಕಿಲ್ಲ.

ತಪ್ಪು ಹೊಕ್ಕ ದಾರಿ

ಪರೀಕ್ಷೆ ಇದ್ದೂ ತಪ್ಪು ನುಸುಳಿದರೆ ಹಿಡಿಯುವ ಉಪಾಯವೂ ಉಂಟು. ಕಳೆದ ತಿಂಗಳು ಸರಿಯಿದ್ದ ಅಕ್ಷರ ಈಗ ಕೆಟ್ಟಿದೆ, ನಡುವೆ ಸಾವಿರ ತಿದ್ದುಪಡಿಗಳಾಗಿವೆ ಎನ್ನೋಣ. ಸ್ಕ್ರಿಪ್ಟ್ ನೇರವಾಗಿ ಐನೂರನೆಯದಕ್ಕೆ ಹೋಗಿ ಪರೀಕ್ಷಿಸುತ್ತದೆ. ಅಲ್ಲಿ ಅಕ್ಷರ ಸರಿಯಿದ್ದರೆ ತಪ್ಪು ಆನಂತರದ್ದು, ಕೆಟ್ಟಿದ್ದರೆ ಮೊದಲಿನದು. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಹತ್ತೇ ಹೆಜ್ಜೆಗೆ ಸಾವಿರದಲ್ಲಿ ಒಂದು ಸಿಕ್ಕಿಬೀಳುತ್ತದೆ. ತಿದ್ದಿದ ಬಳಿಕ ಆ ಕೆಟ್ಟ ಪದವನ್ನು ಪರೀಕ್ಷೆಯ ಪಟ್ಟಿಗೆ ಶಾಶ್ವತವಾಗಿ ಸೇರಿಸುವುದು ವಾಡಿಕೆ. ಒಮ್ಮೆ ಆದ ತಪ್ಪು ಮತ್ತೊಮ್ಮೆ ಅದೇ ಬಾಗಿಲಿನಿಂದ ಬರಬಾರದಲ್ಲ!

ಪಟ್ಟಿಯಲ್ಲಿಲ್ಲದ ಅಕ್ಷರದ ಗತಿ ಏನೆಂಬುದಕ್ಕೆ 2018ರ ಫೆಬ್ರವರಿಯ ಘಟನೆ ಸಾಕ್ಷಿ. ತೆಲುಗು ಲಿಪಿಯ 'ಜ್ಞಾ' ಅಕ್ಷರವನ್ನು ಕಾಣದ ಚಿಹ್ನೆಯೊಂದರ ಸಹಿತ ಆಪಲ್ ಫೋನುಗಳಿಗೆ ಕಳುಹಿಸಿದರೆ ಸಂದೇಶ ತೋರಿಸುವ ತಂತ್ರಾಂಶವೇ ಕುಸಿದುಬೀಳುತ್ತಿತ್ತು. ಕಂಪನಿ ಅದೇ ತಿಂಗಳು ತಿದ್ದುಪಡಿ ಹೊರಡಿಸಬೇಕಾಯಿತು. ಕೋಟ್ಯಂತರ ಜನರ ಲಿಪಿಯೊಂದರ ಒಂದು ಅಕ್ಷರ ಬಿಡುಗಡೆಗೆ ಮುನ್ನ ಯಾವ ಪರೀಕ್ಷೆಗೂ ಸಿಕ್ಕಿರಲಿಲ್ಲ.

ಅನುವಾದಕ್ಕೂ ಕಾವಲುಂಟು. 'ಇಷ್ಟು ಕಡತಗಳನ್ನು ಇಂಥ ಕೋಶಕ್ಕೆ ನಕಲಿಸಲಾಗುತ್ತಿದೆ' ಎಂಬಂಥ ಸಾಲುಗಳಲ್ಲಿ ಸಂಖ್ಯೆಗೆ ಒಂದು, ಹೆಸರಿಗೆ ಒಂದು ಖಾಲಿ ಜಾಗ ಇರುತ್ತದೆ. ಇಂಗ್ಲಿಷಿನಲ್ಲಿ ಸಂಖ್ಯೆ ಮೊದಲು, ಕೋಶದ ಹೆಸರು ಕೊನೆಗೆ. ಕನ್ನಡದ ಜಾಯಮಾನಕ್ಕೆ ಅನೇಕ ಸಲ ಕೋಶದ ಹೆಸರೇ ಮೊದಲು ಬರಬೇಕು. ಅನುವಾದಕ ವಾಕ್ಯವನ್ನು ತಿರುಗಿಸಿ, ಖಾಲಿ ಜಾಗಗಳ ಕ್ರಮಸಂಖ್ಯೆ ಸೂಚಿಸಲು ಮರೆತರೆ ಸಂಖ್ಯೆಯ ಜಾಗಕ್ಕೆ ಹೆಸರು ತುರುಕಿ ತಂತ್ರಾಂಶ ಕುಸಿಯುವ ಅಪಾಯವಿದೆ. ಇದನ್ನು ಹಿಡಿದು ಹೇಳುವ ಪರೀಕ್ಷಕ ಸಾಧನವಿದೆ. ಆದರೆ ವಾಕ್ಯ ಕನ್ನಡದಂತಿದೆಯೇ ಎಂಬುದನ್ನು ಅದು ಹೇಳಲಾರದು. ಖಾಲಿ ಜಾಗ ಸರಿಯಿದ್ದು ಕನ್ನಡ ಕೆಟ್ಟಿದ್ದರೂ ಅದು ಹಸಿರು ಗುರುತನ್ನೇ ಕೊಡುತ್ತದೆ.

ಬಿಡುಗಡೆಯ ಹೊಸ್ತಿಲು

ಕೂಡಿಸಿ, ಪರೀಕ್ಷಿಸಿ ಆದ ಮೇಲೆ ಕೊನೆಯದು ಬಿಡುಗಡೆ. 1993ರಲ್ಲಿ ಇಯಾನ್ ಮುರ್ಡಾಕ್ ಆರಂಭಿಸಿದ 'ಡೆಬಿಯನ್' ಲಿನಕ್ಸ್ ಬಳಗದ ಕ್ರಮ ಇಲ್ಲಿ ನೋಡತಕ್ಕದ್ದು. ಹೊಸ ತಂತ್ರಾಂಶ ಮೊದಲು 'ಅಸ್ಥಿರ' ಎಂಬ ಅಂಗಳಕ್ಕೆ ಬರುತ್ತದೆ. ಅವಸರಕ್ಕೆ ತಕ್ಕಂತೆ ಎರಡು, ಐದು ಅಥವಾ ಹತ್ತು ದಿನ ಅಲ್ಲೇ ಕಾಯಬೇಕು. ಅಷ್ಟರಲ್ಲಿ ಹೊಸದಾಗಿ ಗಂಭೀರ ದೋಷ ವರದಿಯಾಗದಿದ್ದರೆ, ಅದರ ಸೇರ್ಪಡೆಯಿಂದ ಬೇರೊಂದು ತಂತ್ರಾಂಶ ಮುರಿಯದಿದ್ದರೆ, 'ಬ್ರಿಟ್ನಿ' ಎಂಬ ಸ್ಕ್ರಿಪ್ಟ್ ಅದನ್ನು 'ಪರೀಕ್ಷೆ' ಎಂಬ ಪಡಸಾಲೆಗೆ ದಾಟಿಸುತ್ತದೆ. ಅಲ್ಲಿ ಮಾಗಿದ ಬಳಿಕವೇ 'ಸ್ಥಿರ' ಎಂಬ ಒಳಮನೆಗೆ ಪ್ರವೇಶ. ಕನ್ನಡದ ಅಕ್ಷರ ವಿನ್ಯಾಸಗಳೂ ಇದೇ ಹೊಸ್ತಿಲುಗಳನ್ನು ದಾಟಿ ಬಳಕೆದಾರರನ್ನು ತಲುಪುತ್ತವೆ.

ಈ ನಿಧಾನದ ಬೆಲೆ ತಿಳಿದದ್ದು 2024ರ ಮಾರ್ಚ್‌ನಲ್ಲಿ. ಕಡತಗಳನ್ನು ಕುಗ್ಗಿಸಿಡುವ 'ಎಕ್ಸ್‌ಝಡ್' ಎಂಬ ಸಣ್ಣ ಮುಕ್ತ ತಂತ್ರಾಂಶಕ್ಕೆ ವರ್ಷಗಳ ಕಾಲ ನೆರವಾಗುತ್ತ ವಿಶ್ವಾಸ ಗಳಿಸಿದ್ದ, ನಿಜ ಹೆಸರು ಗೊತ್ತಿಲ್ಲದ ವ್ಯಕ್ತಿ, ಜಗತ್ತಿನ ಗಣಕಗಳಿಗೆ ಕನ್ನ ಹಾಕಬಲ್ಲ ಗುಪ್ತ ಭಾಗವನ್ನು ಅದರಲ್ಲಿ ಅಡಗಿಸಿಟ್ಟಿದ್ದ. ಅಡಗಿಸಿದ್ದು ಎಲ್ಲಿ? ಯಾರೂ ತೆರೆದು ಓದದ ಪರೀಕ್ಷೆಯ ಮಾದರಿ ಕಡತಗಳಲ್ಲಿ! ಅದನ್ನು ಎಚ್ಚರಿಸುವ ಸ್ಕ್ರಿಪ್ಟ್ ಎಲ್ಲರ ಕಣ್ಣಿಗೆ ಬೀಳುವ ಮೂಲ ಪ್ರತಿಯಲ್ಲಿ ಇರಲಿಲ್ಲ, ಬಿಡುಗಡೆಗೆಂದು ಕಟ್ಟಿದ ಗಂಟಿನಲ್ಲಿ ಮಾತ್ರ ಇತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ದೂರದ ಗಣಕಕ್ಕೆ ಪ್ರವೇಶ ಸಿಗುವುದು ಸುಮಾರು ಅರ್ಧ ಸೆಕೆಂಡು ತಡವಾಗುತ್ತಿರುವುದೇಕೆ ಎಂದು ಬೆನ್ನುಹತ್ತಿ ಅದನ್ನು ಬಯಲಿಗೆಳೆದರು. ಅಷ್ಟು ಹೊತ್ತಿಗೆ ಅದು ಡೆಬಿಯನ್ನಿನ ಪಡಸಾಲೆಯವರೆಗೆ ಬಂದಿತ್ತು. ಒಳಮನೆಯನ್ನು ಹೊಕ್ಕಿರಲಿಲ್ಲ.

ಕಾವಲಿಗೆ ಇಟ್ಟದ್ದರ ಮರೆಯಲ್ಲೇ ಕಳ್ಳ ಕುಳಿತಿದ್ದ ಪ್ರಸಂಗವಿದು. ಮೂಲ ಪ್ರತಿಗೂ ಬಿಡುಗಡೆಯ ಗಂಟಿಗೂ ತಾಳೆಯಿದೆಯೇ ಎಂದು ನೋಡುವುದು ಎಷ್ಟು ಅಗತ್ಯವೆಂಬುದು ಇದರಿಂದ ಎಲ್ಲರಿಗೂ ಮನದಟ್ಟಾಯಿತು. ಸ್ಕ್ರಿಪ್ಟ್ ದಣಿಯದೆ ದುಡಿಯುತ್ತದೆ, ಆದರೆ ಅನುಮಾನ ಪಡುವುದು ಮನುಷ್ಯನಿಗೆ ಮಾತ್ರ ಸಾಧ್ಯ.

ಇಡಗುಂದಿಯ ಮಾತು ಪಟ್ಟಿಯಲ್ಲಿದೆಯೇ?

ಗ್ರಂಥಸ್ಥ ಕನ್ನಡದಲ್ಲಿ ಮೂರು ವ್ಯಂಜನ ಒಟ್ಟಿಗೆ ಬರುವುದು 'ರಾಷ್ಟ್ರ', 'ಸ್ತ್ರೀ'ಯಂಥ ಕೆಲವು ಪದಗಳಲ್ಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹವ್ಯಕ ಮಾತಿನಲ್ಲಿ 'ಆನು ಮಾಡ್ತ್ನಿಲ್ಲೆ' ಎನ್ನುತ್ತಾರೆ. ನಾನು ಮಾಡುವುದಿಲ್ಲ ಎಂದರ್ಥ. ಇದರಲ್ಲಿನ 'ಡ್ತ್ನಿ' ಆರು ಸಂಕೇತಗಳ ಒಂದೇ ಅಕ್ಷರ. ಇಕಾರ ಉಚ್ಚಾರದಲ್ಲಿ ನಕಾರದ್ದು, ಬರಹದಲ್ಲಿ ಅದು ಹೋಗಿ ಕೂರುವುದು ಡಕಾರದ ತಲೆಯ ಮೇಲೆ. ತಕಾರ ನಕಾರಗಳೆರಡೂ ಒಂದರ ಮೇಲೊಂದು ಬೀಳದೆ ಒತ್ತಾಗಿ ನಿಲ್ಲಬೇಕು. ಅಕ್ಷರ ಜೋಡಣೆಯ ತಂತ್ರಾಂಶಕ್ಕೂ ಅಕ್ಷರ ವಿನ್ಯಾಸಕ್ಕೂ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕೆ?

ಆದರೆ ಇಂಥ ಮಾತು ಪರೀಕ್ಷೆಯ ಪಟ್ಟಿಗೆ ಸೇರಬೇಕಾದರೆ ಅದು ಎಲ್ಲಾದರೂ ಬರಹದಲ್ಲಿರಬೇಕು, ಎಲ್ಲರಿಗೂ ಎಟಕುವ ಹಾಗಿರಬೇಕು. ಪುಸ್ತಕದ ಕನ್ನಡವನ್ನು ಮಾತ್ರ ಪಟ್ಟಿಗೆ ಕೊಟ್ಟರೆ ಪುಸ್ತಕದ ಕನ್ನಡವಷ್ಟೇ ಕಾವಲಿಗೆ ಒಳಪಡುತ್ತದೆ. ಕುಂದಾಪುರದ, ಧಾರವಾಡದ, ಕಾಸರಗೋಡಿನ ಆಡುಮಾತುಗಳ ಮಾತೂ ಇದೇ. ಸರ್ಕಾರದ ಆದೇಶಗಳಿಂದ ಒಂದು ಶಿಷ್ಟತೆ ಜಾರಿಗೆ ಬರಬಹುದು. ಅದರೊಳಗೆ ಪ್ರತಿಯೊಂದು ಪದವೂ ಸರಿಯಾಗಿ ಮೂಡುವಂತೆ ನೋಡಿಕೊಳ್ಳುವುದು ಆದೇಶದಿಂದ ಆಗುವ ಕೆಲಸವಲ್ಲ.

ಫೋನಿನಲ್ಲಿ ಪದವೊಂದು ಒಡೆದು ಕಂಡಾಗ ಬೇಸರಪಟ್ಟು ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ತೊಡಗುವುದು ಸುಲಭ. ಹಾಗೆ ಮಾಡಿದರೆ ಆ ತಪ್ಪು ಯಾರಿಗೂ ತಿಳಿಯದು, ಪಟ್ಟಿಗೂ ಸೇರದು. ಪದ ಯಾವುದು, ಕಂಡದ್ದು ಹೇಗೆ, ಕಾಣಬೇಕಾದ್ದು ಹೇಗೆ ಎಂಬ ಮೂರು ಮಾತುಗಳನ್ನು ತಂತ್ರಾಂಶದವರಿಗೆ ಬರೆದು ತಿಳಿಸಿದರೆ ಅದೇ ಒಂದು ಪರೀಕ್ಷೆಯಾಗುತ್ತದೆ. ಅದಕ್ಕೆ ಗಣಕವಿಜ್ಞಾನದ ಪದವಿ ಬೇಡ, ಕನ್ನಡ ಬಂದರೆ ಸಾಕು. ಒಮ್ಮೆ ಪಟ್ಟಿಗೆ ಸೇರಿದ ಪದವನ್ನು ಆಮೇಲೆ ಯಾವ ದೇಶದ ಯಾರೇ ತಿದ್ದುಪಡಿ ಕಳುಹಿಸಲಿ, ಸ್ಕ್ರಿಪ್ಟ್ ಪ್ರತಿ ಸಲವೂ ಮೂಡಿಸಿ ನೋಡುತ್ತದೆ.